ಒಂಬತ್ತನೆಯ ರಬ್ಬರು

ಇಷ್ಟೆಲ್ಲ ರಂಪಕ್ಕೆ ಕಾರಣ ಒಂದೇ ಒಂದು ಹನಿ ನೀರು. ಐದು ತಿಂಗಳ ಹಿಂದೆ ಮಳೆಯಲ್ಲಿ ಮದುವೆಯೊಂದಕ್ಕೆ ಹೋಗುವಾಗ ಅದು ದರ್ಜಿಯ ಹಳೇ ಪಿಕಪ್ಪಿನೊಳಗೆ ಎಲ್ಲಿಂದಲೋ ಬಂದು ಅವನ ಹೆಂಡತಿಯ ಎಡ ಮೊಣಕಾಲಿನ ಮೇಲೆ ಬಿತ್ತು. ಹಿಂದೆಯೇ ಅದರ ಬಂಧುಬಳಗವೂ ಬಂತು. ಮದುವೆಮನೆ ತಲುಪುವಷ್ಟರಲ್ಲಿ ಆಕೆಯ ಹೊಸ ಬಟ್ಟೆಯ ಎಡಭಾಗ ಪೂರಾ ಒದ್ದೆ, ಮುಖ ಮಾತ್ರ ಕೆಂಡ.

"ನಲ್ಲಿ ಸೋರುತ್ತೆ, ಕುಕ್ಕರು ಸೀಟಿ ಹಾಕಲ್ಲ, ಬಚ್ಚಲ ಬಾಗಿಲು ಕಿರುಗುಟ್ಟುತ್ತೆ. ಇವಕ್ಕೆಲ್ಲ ನಿಮಗೆ ಪುರುಸೊತ್ತಿಲ್ಲ. ಈ ಡಬ್ಬಕ್ಕೆ ಮಾತ್ರ ವಾರಾ ವಾರಾ ಸ್ನಾನ!" ಎಂದು ಶುರುವಾದದ್ದು ಒಂದು ತೀರ್ಪಿನಲ್ಲಿ ಮುಗಿಯಿತು. ಇನ್ನೊಂದು ಹನಿ ಒಳಗೆ ಬಿದ್ದರೆ ಗಾಡಿ ತಮ್ಮನಿಗೆ.

ತಮ್ಮ ಎಂದರೆ ದರ್ಜಿಯ ಭಾವಮೈದ, ಗುಜರಿ ವ್ಯಾಪಾರಿ. ಅವನು ಯಾವ ಗಾಡಿಯನ್ನು ನೋಡಿದರೂ ಕಣ್ಣಲ್ಲೇ ತೂಕ ಹಾಕುತ್ತಿದ್ದ. ಅಕ್ಕನ ತೀರ್ಪು ಕೇಳಿ ಅವನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ದರ್ಜಿಗೆ ಮಾತ್ರ ಎದೆ ಒಡೆಯಿತು. ಅವನಪ್ಪ ಆ ಪಿಕಪ್ಪಿನಲ್ಲಿ ಮೂವತ್ತು ವರ್ಷ ಬಟ್ಟೆಯ ಥಾನು ಸಾಗಿಸಿದ್ದ. ಸ್ಟೀರಿಂಗಿನ ಮೇಲೆ ಅಪ್ಪನ ಹೆಬ್ಬೆರಳು ಸವೆಸಿದ ಗುಳಿ ಇನ್ನೂ ಹಾಗೇ ಇತ್ತು. ಅದನ್ನು ಗುಜರಿಗೆ ಹಾಕುವುದೆಂದರೆ ಅಪ್ಪನನ್ನು ಎರಡನೇ ಸಲ ಕಳೆದುಕೊಂಡಂತೆ.

ಅವನು ಊರೂರಿಗೆ ಕಾಗದ ಬರೆದು ಆ ಮಾಡೆಲಿನ ರಬ್ಬರು ಸೀಲುಗಳನ್ನು ಹುಡುಕಿಸಿದ. ನಾಲ್ಕು ತಿಂಗಳ ಮೇಲೆ ಪೆಟ್ಟಿಗೆಯೊಂದು ಬಂತು, ಜೊತೆಗೆ ಒಂದು ಚೀಟಿ: 'ಇದೇ ಕೊನೆಯ ಸೆಟ್ಟು. ಕಾರ್ಖಾನೆ ಮುಚ್ಚಿದೆ.' ಭಾನುವಾರ ಸಂಜೆ ಐದಕ್ಕೆ ನೀರು ಹೊಡೆದು ಪರೀಕ್ಷೆ ಎಂದು ಹೆಂಡತಿ ಸಾರಿದಳು.

ಆ ಭಾನುವಾರ ಬೆಳಿಗ್ಗೆ ದರ್ಜಿ ಜಗಲಿಯಲ್ಲಿ ಪೆಟ್ಟಿಗೆ ಬಿಚ್ಚಿಟ್ಟು, ಹಿತ್ತಲಿಗೆ ಹೋಗಿ ರಬ್ಬರು ಸಲೀಸಾಗಿ ಜಾರಲೆಂದು ಸೋಪಿನ ನೀರು ಕಲಸಿ ತಂದ. ಅಷ್ಟರಲ್ಲಿ ಎದುರುಮನೆಯ ರಿಟೈರಾದ ಹೆಡ್‌ಮೇಷ್ಟ್ರು ಕುರ್ಚಿ ಸಮೇತ ಬಂದು ಕೂತಿದ್ದರು. ಪಕ್ಕದಂಗಡಿಯ ಕ್ಷೌರಿಕನೂ ಗಿರಾಕಿಯಿಲ್ಲದೆ ಬಂದು ನಿಂತಿದ್ದ.

"ಸೂಚನಾಪತ್ರ ಇಲ್ಲಿ ಕೊಡು. ನಾನು ಓದ್ತೀನಿ, ನೀನು ಮಾಡು," ಎಂದು ಮೇಷ್ಟ್ರು ಕನ್ನಡಕ ಏರಿಸಿದರು. ಒಂದು ಸಾಲು ಓದಿದರೆ ಅರ್ಧ ಗಂಟೆ ವಿವರಣೆ. ರಬ್ಬರಿನ ಮರ ಎಲ್ಲಿ ಬೆಳೆಯುತ್ತದೆ ಎಂಬಲ್ಲಿಂದ ಪಾಠ ಶುರುವಾಯಿತು.

ಮೊದಲು ಮುಂಗಾಜು. ಅದರ ವಿಧಾನವೇ ಒಂದು ಚಂದ. ಗಾಜಿನ ಸುತ್ತ ರಬ್ಬರು ತೊಡಿಸಬೇಕು, ರಬ್ಬರಿನ ಸಂದಿಯಲ್ಲಿ ಸುತ್ತಲೂ ಹುರಿ ಹಾಯಿಸಬೇಕು. ಗಾಜನ್ನು ಹೊರಗಿನಿಂದ ಇಟ್ಟು, ಒಳಗೆ ಇಳಿಬಿದ್ದ ಹುರಿಯ ತುದಿ ಎಳೆಯುತ್ತ ಹೋದರೆ ರಬ್ಬರಿನ ಅಂಚು ತಾನಾಗಿ ಚೌಕಟ್ಟಿನ ಒಳಕ್ಕೆ ಮಗುಚಿಕೊಳ್ಳುತ್ತದೆ. ಹುರಿ ಹೋಯಿತೋ, ಎಲ್ಲ ಮೊದಲಿನಿಂದ.

ಕ್ಷೌರಿಕ ಹೊರಗಿನಿಂದ ಗಾಜು ಒತ್ತಿ ಹಿಡಿದ. ದರ್ಜಿ ಒಳಗೆ ಕೂತ. ಕಣ್ಣೆದುರು ಹುರಿಯ ತುದಿ ನೇತಾಡುತ್ತಿತ್ತು. ಇಪ್ಪತ್ತೈದು ವರ್ಷ ಹೊಲಿದ ಕೈ, ನೇತಾಡುವ ದಾರ ಕಂಡರೆ ಸುಮ್ಮನಿರುತ್ತದೆಯೇ? ಜೇಬಿನಿಂದ ಕತ್ತರಿ ಬಂತು. ಕಚಕ್.

"ಅಯ್ಯೋ! ಏನಯ್ಯಾ ಮಾಡ್ದೆ?" ಎಂದು ಕ್ಷೌರಿಕ ಗಾಜಿನಾಚೆಯಿಂದ ಕೂಗಿದ.

"ಫಿನಿಶಿಂಗು..." ಎಂದ ದರ್ಜಿ, ಕೈಯಲ್ಲಿದ್ದ ತುಂಡನ್ನು ನೋಡುತ್ತ.

ಕತ್ತರಿಯನ್ನು ಮೇಷ್ಟ್ರು ಮುಟ್ಟುಗೋಲು ಹಾಕಿಕೊಂಡು, ಹುರಿಯನ್ನು ಮತ್ತೆ ಹಾಯಿಸಿದ ಮೇಲೆಯೇ ಗಾಜು ಕೂತದ್ದು.

ಬಾಗಿಲಿನ ರಬ್ಬರಿನದು ಇನ್ನೊಂದು ಕತೆ. ಕತ್ತರಿ ವಾಪಸು ಪಡೆದು, ಅಳತೆ ತೆಗೆದು ಕತ್ತರಿಸುವಾಗ ದರ್ಜಿ ಒಂದಿಂಚು ಜಾಸ್ತಿಯೇ ಬಿಟ್ಟ.

"ಯಾಕೆ ಇಷ್ಟುದ್ದ?" ಎಂದರು ಮೇಷ್ಟ್ರು.

"ಒಗೆದ ಮೇಲೆ ಕುಗ್ಗಿದ್ರೆ?"

ಹೆಚ್ಚಾದ ರಬ್ಬರು ಮೂಲೆಯಲ್ಲಿ ಗೂನುಬೆನ್ನಿನಂತೆ ಉಬ್ಬಿ ಬಾಗಿಲು ಮುಚ್ಚಲೇ ಇಲ್ಲ. ಮೇಷ್ಟ್ರು ಬೆನ್ನು ಕೊಟ್ಟು ನೂಕಿದರು, ಬೆನ್ನು ಉಳುಕಿತು. ಕೊನೆಗೆ ಕ್ಷೌರಿಕ ತನ್ನ ಕತ್ತಿ ತಂದು ಆ ಒಂದಿಂಚನ್ನು ನುಣ್ಣಗೆ ಬೋಳಿಸಿದ.

ಇಷ್ಟಾದರೂ ಹೆಂಡತಿ ಅಂದು ವಿಪರೀತ ಖುಷಿಯಲ್ಲಿದ್ದಳು. ಕೇಳದೆಯೇ ಎರಡು ಸಲ ಚಹಾ ತಂದಳು. ಎರಡನೇ ಸಲ ಹಣೆಯ ಬೆವರನ್ನೂ ಒರೆಸಿದಳು. ದರ್ಜಿಗೆ ಭಯವಾಯಿತು.

ಐದಕ್ಕೆ ಐದು ನಿಮಿಷವಿರುವಾಗ ಪೆಟ್ಟಿಗೆ ಖಾಲಿಯಾಯಿತು. ಮೇಷ್ಟ್ರು ಇನ್ನೂ ಆರನೇ ಸಾಲಿನಲ್ಲಿದ್ದರು. ಭಾವಮೈದ ಗಾಡಿ ಎಳೆದೊಯ್ಯುವ ಸರಪಳಿಯನ್ನೂ ಹಿಡಿದೇ ಬಂದ. ಹೆಂಡತಿ ಒಲೆಯ ಮೇಲೆ ಏನೋ ಇಟ್ಟು ಬಂದು ಪಿಕಪ್ಪಿನಲ್ಲಿ ತನ್ನ ಜಾಗದಲ್ಲಿ ಕೂತಳು. ಅಪ್ಪನ ಗಾಡಿಯ ಹಣೆಬರಹ ದರ್ಜಿಯ ಕೈಯ ಪೈಪಿನಲ್ಲಿತ್ತು.

ಮೇಲೆ, ಪಕ್ಕಕ್ಕೆ, ಗಾಜಿಗೆ ನೀರು ಹೊಡೆದ. ಹತ್ತು ನಿಮಿಷವಾಯಿತು. "ಒಣಗಿದೀನಿ!" ಎಂದು ಒಳಗಿನಿಂದ ದನಿ ಬಂತು. ಭಾವಮೈದ ಸರಪಳಿ ಕೆಳಗಿಟ್ಟ. ದರ್ಜಿಗೆ ಕುಣಿಯಬೇಕೆನ್ನಿಸಿತು.

"ಅಯ್ಯೋ! ಬಿತ್ತು! ಅದೇ ಎಡ ಮೊಣಕಾಲು!"

ಭಾವಮೈದ ಸರಪಳಿ ಎತ್ತಿಕೊಂಡ. ದರ್ಜಿ ಪೈಪು ಹಿಡಿದೇ ಮುಂದಕ್ಕೆ ಓಡಿದ. ಮುಂಗಾಜಿನ ಕೆಳಗೆ ಗಾಳಿ ಬರಲೆಂದು ಇದ್ದ ದುಂಡನೆಯ ಕಿಂಡಿಯ ಮುಚ್ಚಳ ಎತ್ತಿದರೆ, ಅಂಚು ಬರೀ ತಗಡು. ಅಲ್ಲಿ ಒಂದು ರಬ್ಬರಿನ ಬಳೆ ಇರಬೇಕಿತ್ತು. ಬೆಳಿಗ್ಗೆ ಜಗಲಿಯಲ್ಲಿ ಅವನೇ ಕಣ್ಣಾರೆ ಕಂಡಿದ್ದ. ಎಲ್ಲಿ ಹೋಯಿತು?

ಆಗ ಅಡುಗೆಮನೆಯ ಕಿಟಕಿಯಿಂದ ಕುಕ್ಕರು ಉದ್ದಕ್ಕೆ ಸೀಟಿ ಹಾಕಿತು.

ಹೆಂಡತಿ ಗಾಡಿಯಿಂದಿಳಿದಳು. ಮೊಣಕಾಲು ಒದ್ದೆ, ಕಣ್ಣೂ ಒದ್ದೆ. "ಕೇಳಿದ್ರಾ? ಆರು ತಿಂಗಳಾದ ಮೇಲೆ ಸೀಟಿ! ನಾನು ಹೇಳಿದ್ದು ನಿಮ್ಮ ಕಿವಿಗೇ ಹೋಗಲ್ಲ ಅಂದ್ಕೊಂಡಿದ್ದೆ. ಬೆಳಿಗ್ಗೆ ನಿಮ್ಮ ಪೆಟ್ಟಿಗೇಲಿ ಕುಕ್ಕರ್ ರಬ್ಬರ್ ನೋಡಿ ನಂಗೆ ಅಳುನೇ ಬಂತು. ಸ್ವಲ್ಪ ದಪ್ಪ, ಆದ್ರೆ ಒತ್ತಿ ಕೂರಿಸ್ದೆ."

ದರ್ಜಿಗೆ ಬಾಯಲ್ಲಿ ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಅದೇ ಹೊತ್ತಿಗೆ ಮೇಷ್ಟ್ರು ವಿವರಣೆ ಬಿಟ್ಟು ಕೊನೆಯ ಸಾಲಿಗೆ ಹಾರಿದ್ದರು. "ಒಟ್ಟು ರಬ್ಬರು ಒಂಬತ್ತು. ಒಂಬತ್ತನೆಯದು, ಗಾಳಿಕಿಂಡಿಯ..."

ದರ್ಜಿಯ ಕೈ 'ಜಾರಿತು'. ಪೈಪಿನ ನೀರು ಸೂಚನಾಪತ್ರ, ಕನ್ನಡಕ, ಮೇಷ್ಟ್ರು ಮೂವರನ್ನೂ ಒಟ್ಟಿಗೆ ತೊಳೆಯಿತು.

"ಹಂಗಾದ್ರೆ ಗಾಡಿ ಕಟ್ಲಾ ಅಕ್ಕ?" ಎಂದ ಭಾವಮೈದ.

"ಮುಟ್ಟಿದ್ರೆ ನೋಡು! ಇಷ್ಟೊಂದು ಮನಸ್ಸಿರೋ ಮನುಷ್ಯನ ಗಾಡಿ ಅದು. ಒಂದು ಹನಿ ಬಿದ್ರೆ ಏನೀಗ?" ಎಂದಳು ಹೆಂಡತಿ. ದರ್ಜಿಗೆ ಹೋದ ಜೀವ ಬಂತು. ಆಕೆ ಕೈ ಚಾಚಿದಳು. "ಬೀಗದಕೈ ಕೊಡಿ. ನಾಳೆಯಿಂದ ನಾನೇ ಓಡಿಸೋದು ಕಲೀತೀನಿ. ನೀವು ಈ ಕಡೆ ಕೂತ್ಕೊಳ್ಳಿ."

ಈಗ ಮಳೆ ಬಂದಾಗಲೆಲ್ಲ ಅಪ್ಪನ ಹೆಬ್ಬೆರಳಿನ ಗುಳಿಯಲ್ಲಿ ಹೆಂಡತಿಯ ಹೆಬ್ಬೆರಳು ಇರುತ್ತದೆ. ದರ್ಜಿ ಪಕ್ಕದಲ್ಲಿ ಎಡ ಮೊಣಕಾಲಿನ ಮೇಲೆ ಟವೆಲು ಹಾಸಿಕೊಂಡು ಕೂತಿರುತ್ತಾನೆ. ಯಾಕೆ ಸೋರುತ್ತದೆ ಎಂದು ಯಾರಾದರೂ ಕೇಳಿದರೆ, ಹಳೇ ಗಾಡಿ ಅಲ್ವಾ ಎನ್ನುತ್ತಾನೆ.