ತಟ್ಟಿ ನೋಡಿದ ಮಗಳು

ಚಮಚ ಕೊಳ್ಳಲು ಬಂದವರ ತಲೆಗೆ ಹಂಡೆ ಕಟ್ಟಿ ಕಳಿಸಬಲ್ಲ ಪಾತ್ರೆ ವ್ಯಾಪಾರಿ ನಾನು. ಆದರೆ ಎರಡೂವರೆ ವರ್ಷದ ಮಗಳ ಬಾಯಿಂದ ಒಂದೇ ಒಂದು ಮಾತು ಹೊರಡಿಸಲು ನನ್ನಿಂದ ಆಗಲಿಲ್ಲ. ಕಿವಿ ಸರಿಯಿದೆ, ನಾಲಿಗೆ ಸರಿಯಿದೆ ಎಂದರು ಡಾಕ್ಟರು. ಹೆಂಡತಿ ಮಾತ್ರ ಮಗುವಿನ ತುಟಿಯನ್ನೇ ನೋಡುತ್ತಾ ಸೊರಗತೊಡಗಿದಳು.

ನಾನು ತಲೆ ಓಡಿಸಿ, ಐನೂರು ಪದ ನುಡಿಯುವ ಗಿಳಿಯೊಂದನ್ನು ತಂದೆ. (ಪ್ಲಾಸ್ಟಿಕ್ಕಿನದು, ಹೊಟ್ಟೆ ಒತ್ತಿದರೆ ಜ್ಞಾನೋದಯ.) ಗಿಳಿ "ಆನೆ" ಎಂದಿತು, "ವಿಮಾನ" ಎಂದಿತು. ಮಗಳು ಆಕಳಿಸಿದಳು. ವಾರದೊಳಗೆ ಐನೂರು ಪದವೂ ಬಾಯಿಪಾಠವಾಯಿತು, ನನಗೆ.

"ರೀ, ಆ ಗಿಳಿ ಇವಳ ಮಾತು ಕೇಳಿಸ್ಕೊಳ್ಳುತ್ತಾ? ಕೇಳೋರೇ ಇಲ್ದೆ ಯಾರ ಹತ್ರ ಮಾತಾಡ್ಬೇಕು ಅವ್ಳು? ನಾಳೆಯಿಂದ ಅಂಗಡಿಗೆ ಕರ್ಕೊಂಡ್ಹೋಗಿ!"

"ಪಾತ್ರೆ ಅಂಗಡೀಲಿ ಏನೇ ಕಲೀತಾಳೆ? ಬರೀ ಸದ್ದು!"

"ನಿಮ್ಮ ಗಿಳಿ ಸದ್ದಿಗಿಂತ ಅದೇ ವಾಸಿ."

ನಾಲ್ಕು ದಿನ ಮಗಳು ಪಾತ್ರೆಗಳ ನಡುವೆ ಕೂತು ಗಿರಾಕಿಗಳ ಮುಖವನ್ನೇ ನೋಡಿದಳು. ಐದನೆಯ ದಿನ ಒಬ್ಬರು ಅಜ್ಜಿ ಬಂದು, ಪಾತ್ರೆಯೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಮೂಗು ಮುರಿದು, "ಬೇರೆ ತೋರ್ಸಪ್ಪಾ" ಎಂದರು. ಪಕ್ಕದಲ್ಲಿದ್ದ ನನ್ನ ಮಗಳೂ ಅದನ್ನೇ ತಟ್ಟಿದಳು! ಅದೇ ಮಡಿಸಿದ ಬೆರಳು, ಅದೇ ಓರೆ ಕತ್ತು, ಸದ್ದು ಪೂರ್ತಿ ಅಡಗುವವರೆಗೂ ಕಾಯುವ ಅದೇ ತಾಳ್ಮೆ. ಆಮೇಲೆ ಕಣ್ಣೆತ್ತಿ ಅಜ್ಜಿಯನ್ನು ನೋಡಿದಳು.

"ನೀನೇ ಹೇಳು ತಾಯಿ, ಗಟ್ಟಿ ಇದ್ಯಾ?" ಎಂದು ದೊಡ್ಡವರನ್ನು ಕೇಳುವಂತೆ ಕೇಳಿ, ಅಜ್ಜಿ ಉತ್ತರಕ್ಕೆ ಕಾದರು. ಮಗಳು ಯೋಚಿಸಿ, ಇಲ್ಲವೆಂದು ತಲೆಯಾಡಿಸಿದಳು.

ಇಪ್ಪತ್ತು ವರ್ಷ ಪಾತ್ರೆ ಮಾರಿದ ನನಗೇ ಮೈ ಜುಮ್ಮೆಂದಿತು. ಯಾರೂ ಪಾಠ ಹೇಳಿರಲಿಲ್ಲ. ಎಷ್ಟೋ ತಲೆಮಾರಿನ ಹೆಂಗಸರ ವಿದ್ಯೆ ನನ್ನ ಕಣ್ಣೆದುರೇ ಆ ಪುಟ್ಟ ಬೆರಳಿಗೆ ಇಳಿದುಬಂದಿತ್ತು. (ಪಾತ್ರೆ ನಿಜಕ್ಕೂ ತೆಳುವೇ. ನಿಮ್ಮಲ್ಲೇ ಇರಲಿ.)

ಸಂಜೆ ಮನೆಯಲ್ಲಿ ನೆಲದ ಮೇಲೆ ಕೂತು ಹೆಂಡತಿಗೆ ಈ ಪವಾಡವನ್ನು ವರ್ಣಿಸುತ್ತಿದ್ದೆ. ಮಗಳು ಬೆನ್ನ ಹಿಂದೆ ಬಂದು ನನ್ನ ಬೋಳುತಲೆಯನ್ನು ಟಣ್ಣನೆ ತಟ್ಟಿ, ಕಿವಿಯಿಟ್ಟು, ಕಾದಳು. ಅಮ್ಮನ ಕಡೆ ತಿರುಗಿ, ಹುಟ್ಟಿದಾಗಿನಿಂದ ಕೂಡಿಟ್ಟಿದ್ದ ಮೊದಲ ಮಾತನ್ನು ಆಡಿದಳು:

"ಬೇರೆ ತೋರ್ಸು."

ಹೆಂಡತಿ ಅವಳನ್ನು ಬಾಚಿ ತಬ್ಬಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬೇರೆ ಇಲ್ಲ ಪುಟ್ಟೀ. ಇದನ್ನ ನಮ್ಮಪ್ಪ ತಟ್ಟಿ ನೋಡ್ದೇ ತಂದ್ಬಿಟ್ರು."