ಅತ್ತೆಯ ತಲೆಗೆ ನಾನು ಬಣ್ಣ ಹಚ್ಚಿದ ಪ್ರಸಂಗ

ತಲೆಗೆ ಬಣ್ಣ ಹಚ್ಚುವುದೇನು ಮಹಾ ವಿದ್ಯೆ? ಕಳೆದ ದೀಪಾವಳಿಗೆ ಮನೆಯ ಕಿಟಕಿಗಳಿಗೆಲ್ಲ ಬಣ್ಣ ಹೊಡೆದವಳು ನಾನು. ನೆಲಕ್ಕೆ ಒಂದು ಹನಿ ಬಿದ್ದಿರಲಿಲ್ಲ! ಹಾಗಾಗಿ ಅತ್ತೆ ಮೆಲ್ಲಗೆ, "ಸುಮಾ, ನನ್ ತಲೆಗೆ ಸ್ವಲ್ಪ ಬಣ್ಣ ಹಚ್ತೀಯೇನೇ?" ಎಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ.

ಹಲಸೂರಿನ ನಮ್ಮ ಮನೆಯ ಹಜಾರದಲ್ಲಿ ಮಾವನವರ ಫೋಟೋ ಇದೆ. ನಾನು ಅವರನ್ನು ಕಂಡಿರುವುದು ಆ ಗೋಡೆಯ ಮೇಲೆ ಮಾತ್ರ. ಚಿಕ್ಕ ವಯಸ್ಸಿನಲ್ಲೇ ಹೋಗಿಬಿಟ್ಟವರು. ಇಂದಿಗೂ ದಟ್ಟ ಕಪ್ಪು ಕೂದಲು, ಹುರಿಮೀಸೆ. ಅತ್ತೆಯ ತಲೆಯೋ, ಬಿಳಿ ಹತ್ತಿ.

"ನಾನು ಹೋದ್ಮೇಲೆ ನನ್ ಫೋಟೋನೂ ಅವರ ಪಕ್ಕ ಹಾಕ್ತೀರ. ನೋಡ್ದೋರು ಇವಳು ಅವರಮ್ಮ ಅಂದ್ಕೊಳಲ್ವಾ?" ಎಂದರು ಅತ್ತೆ. "ಕಪ್ಪು ಕೂದಲಲ್ಲಿ ಒಂದು ಫೋಟೋ ತೆಗೆಸ್ಬಿಡೋಣ. ಆಮೇಲೆ ತೊಳ್ಕೊಂಡ್ಬಿಡ್ತೀನಿ. ಇಲ್ದಿದ್ರೆ ಭಜನೆಯೋರು, ಈ ವಯಸ್ಸಲ್ಲಿ ಇವಳಿಗೇನು ಶೋಕಿ ಅಂತಾರೆ. ತೊಳೀತಾ ತೊಳೀತಾ ಹೋಗೋ ಬಣ್ಣ ಸಿಗುತ್ತಂತೆ, ಅದನ್ನೇ ತಾ."

ನಗಬೇಕೋ ಅಳಬೇಕೋ ತಿಳಿಯದೆ ಅಂಗಡಿಗೆ ಓಡಿದೆ.

ಅಲ್ಲಿ ಬುದ್ಧಿ ಕೈಕೊಟ್ಟಿತು. ದಾವಣಗೆರೆಯಲ್ಲಿ ಅಮ್ಮನ ಜೊತೆ ಸೀರೆ ಅಂಗಡಿ ಸುತ್ತಿ ಬೆಳೆದವಳು ನಾನು. ಬಣ್ಣದ ವಸ್ತು ಯಾವುದೇ ಇರಲಿ, ಬಾಯಿಗೆ ಬರುವ ಪ್ರಶ್ನೆ ಒಂದೇ: "ಬಣ್ಣ ಬಿಡಲ್ಲ ತಾನೇ?"

"ಏನ್ ಮೇಡಂ ಹಿಂಗ್ ಕೇಳ್ತೀರ! ಪರ್ಮನೆಂಟ್ ಇದು. ತಲೆ ಹೋದ್ರೂ ಬಣ್ಣ ಹೋಗಲ್ಲ!" ಎಂದ ಅಂಗಡಿಯವನು.

ಒಳ್ಳೆಯ ಮಾಲು ಸಿಕ್ಕಿತೆಂದು ಖುಷಿಯಾಗಿ ತಂದೆ!

ಅತ್ತೆಯನ್ನು ಬಚ್ಚಲ ಮುಂದೆ ಸ್ಟೂಲಿನ ಮೇಲೆ ಕೂರಿಸಿ, ಹಳೇ ಟವೆಲ್ ಹೊದಿಸಿ, ಕಾರ್ಯಕ್ರಮವನ್ನು ವಿಧ್ಯುಕ್ತವಾಗಿ ಆರಂಭಿಸಿದೆ. ಪೆಟ್ಟಿಗೆಯಲ್ಲಿದ್ದ ಕೈಗವಸು ಹಾಕಿಕೊಳ್ಳುವಾಗಲೇ ಪರ್ರನೆ ಹರಿಯಿತು. ಇರಲಿ, ಬರಿಗೈಯಲ್ಲೇ ಹಚ್ಚತೊಡಗಿದೆ. ಅತ್ತೆ ಕಣ್ಣು ಮುಚ್ಚಿ, ಮಾವನವರು ಮಲ್ಲಿಗೆ ಹೂವನ್ನು ಊಟದ ಡಬ್ಬಿಯಲ್ಲಿ ಬಚ್ಚಿಟ್ಟು ತರುತ್ತಿದ್ದ ಕಥೆ ಶುರುಮಾಡಿದರು. ಕಥೆಯಲ್ಲಿ ಮುಳುಗಿದ ನನ್ನ ಕೈ ಹಣೆಗೆ ಇಳಿದದ್ದು, ಕಿವಿ ದಾಟಿ ಕತ್ತಿಗೆ ಹೋದದ್ದು ಗೊತ್ತೇ ಆಗಲಿಲ್ಲ.

ತೊಳೆದು ನೋಡಿದರೆ ಕೂದಲು ಕಪ್ಪು. ಹಣೆಯೂ ಕಪ್ಪು! ಸೋಪು, ಕೊಬ್ಬರಿ ಎಣ್ಣೆ, ಕಡಲೆಹಿಟ್ಟು ಎಲ್ಲ ಹಾಕಿ ತಿಕ್ಕಿದೆ. ಹಣೆ ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ. ಗದ್ದಲ ಕೇಳಿ ಬಂದ ನನ್ನ ಗಂಡ ಗಿರಿ, ಪೆಟ್ಟಿಗೆ ಎತ್ತಿ ಓದಿದರು.

"ಲೇ, ಇದು ಪರ್ಮನೆಂಟು ಕಣೇ!"

"ಹೌದು ರೀ, ಕೇಳ್ಕೊಂಡೇ ತಂದಿದೀನಿ," ಎಂದೆ ಹೆಮ್ಮೆಯಿಂದ.

ಅಂದ ಮೇಲೆ ಹೊಳೆಯಿತು!

ಅತ್ತೆ ಕನ್ನಡಿಯ ಮುಂದೆ ನಿಂತು ಹಣೆಯನ್ನು ಬೆರಳಿನಿಂದ ಉಜ್ಜಿ ನೋಡಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೊನೆಗೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, "ನಡಿ, ಫೋಟೋನಾದ್ರೂ ಆಗ್ಲಿ," ಎಂದರು.

ಬಜಾರಿನ ಸ್ಟುಡಿಯೋದಲ್ಲಿ ಸೆರಗು ಸರಿಸಿ, ಕ್ಯಾಮೆರಾ ಮುಂದೆ ಕೂತು, ಚಿಕ್ಕ ದನಿಯಲ್ಲಿ ಕೇಳಿದರು: "ಅವರ ಪಕ್ಕ ಸರಿಹೋಗ್ತೀನಾ?"

"ಹೇಳಿ ಮಾಡಿಸಿದ ಜೋಡಿ, ಅತ್ತೆ." ಅದು ಮಾತ್ರ ಸುಳ್ಳಲ್ಲ. ನಾಚಿಕೊಂಡು ನಕ್ಕರು ನೋಡಿ, ಅದೇ ಫೋಟೋ ಬಂತು.

ಫೋಟೋದವನು ಪರದೆಯ ಮೇಲೆ ನೋಡುತ್ತಾ, "ಹಣೆ ಮೇಲಿನ ಕಲೆ ಯೋಚ್ನೆ ಬೇಡಮ್ಮಾ, ಕಂಪ್ಯೂಟರಲ್ಲಿ ತೆಗೆದ್ಬಿಡ್ತೀನಿ," ಎಂದ. ಆಮೇಲೆ ಸೇರಿಸಿದ: "ಅಲ್ಲಾ, ಬಿಳಿ ಕೂದಲು ಕಪ್ಪು ಮಾಡೋದೂ ಇದರಲ್ಲೇ ಒಂದ್ನಿಮಿಷದ ಕೆಲ್ಸ. ಮನೇಲಿ ಯಾಕಿಷ್ಟು ಕಷ್ಟಪಟ್ರಿ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು!

ಅತ್ತೆ ಎದ್ದು ಬಂದು ನನ್ನ ಕರಿ ಬೆರಳುಗಳನ್ನು ಹಿಡಿದುಕೊಂಡರು. "ನಿನ್ ಕಂಪ್ಯೂಟರು ಅಷ್ಟೊತ್ತು ನನ್ ತಲೆ ಸವರುತ್ತೇನಪ್ಪಾ? ಅವರು ಹೋದ್ಮೇಲೆ ನನ್ ತಲೆ ಮುಟ್ಟಿ ಕೂತೋರು ಯಾರೂ ಇರ್ಲಿಲ್ಲ."

ಅತ್ತೆ ನನ್ನತ್ತ ತಿರುಗಿ, "ಭಜನೆಯೋರು ಏನಾದ್ರೂ ಅಂದ್ಕೊಳ್ಳಲಿ. ಮುಂದಿನ ತಿಂಗಳೂ ನೀನೇ ಹಚ್ಚು," ಎಂದರು. ನಾನು ಉಬ್ಬಿಹೋದೆ.

"ಅಂಗಡಿಗೆ ಮಾತ್ರ ಗಿರೀನ ಕಳ್ಸು."

ಬಡ್ತಿಯೂ ಹಿಂಬಡ್ತಿಯೂ ನನಗೆ ಒಂದೇ ಉಸಿರಿನಲ್ಲಿ ಸಿಕ್ಕಿದವು!