ಚಿರತೆ ಕಾಣಿಸುವ ಕನ್ನಡಕ

ಜೀಪಿನಲ್ಲಿ ಮೂರು ಸೀಟು ಖಾಲಿ ಇವೆಯೆಂದು ತನ್ನ ಗಿರಾಕಿಗಳನ್ನೇ ಸಫಾರಿಗೆ ಕರೆದದ್ದು ಕನ್ನಡಕದಂಗಡಿಯವನು ಮಾಡಿದ ತಪ್ಪು.

ಅವನಿಗೆ ಬೇಕಿದ್ದದ್ದು ಒಂದೇ ಒಂದು ಫೋಟೊ. ಒಣಹುಲ್ಲಿನಲ್ಲಿ ಹುಲ್ಲೇ ಆಗಿ ಅಡಗಿ ಕೂತ ಚಿರತೆಯದು. ಅದನ್ನು ದೊಡ್ಡದು ಮಾಡಿಸಿ, ‘ಚಿರತೆ ಎಲ್ಲಿದೆ? ಕಾಣದಿದ್ದರೆ ಒಳಗೆ ಬನ್ನಿ’ ಎಂದು ಬರೆಸಿ ಅಂಗಡಿ ಮುಂದೆ ಹಾಕಬೇಕು. ಎದುರುಗಡೆ ಗಾಜಿನ ಬಾಗಿಲಿನ ಹೊಸ ಅಂಗಡಿ ಬಂದಾಗಿನಿಂದ ಇವನು ನೊಣ ಹೊಡೆಯುತ್ತ ಕೂತಿದ್ದ. ಕೈಬಿಡದೆ ಉಳಿದಿದ್ದವರು ಮೂವರೇ: ಪಕ್ಕದ ಅಂಗಡಿಯ ಟೈಲರ್, ನಿವೃತ್ತ ಹೆಡ್‌ಮಿಸ್, ಹೆಂಡತಿಯ ತಮ್ಮ. ಮೂವರ ಮೂಗಿನ ಮೇಲೂ ಇವನದೇ ಕನ್ನಡಕ.

ಬೆಳಗಿನಿಂದ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಟೈಲರ್ ಬಿಸ್ಕತ್ತಿನ ಪೊಟ್ಟಣ ಹರಿದ ಸದ್ದಿಗೆ ಜಿಂಕೆಗಳು ಓಡಿಹೋದವು. ಹೆಡ್‌ಮಿಸ್ ಸೀನಿದ್ದಕ್ಕೆ ಕಾಡುಹಂದಿಯೂ ಓಡಿತು. ಬಾಮೈದನಂತೂ ಪ್ರತಿ ಪೊದೆಯ ಮುಂದೆಯೂ ತನ್ನದೇ ಫೋಟೊ ತೆಗೆದುಕೊಳ್ಳುತ್ತಿದ್ದ.

ಒಂದು ತಿರುವಿನಲ್ಲಿ ಜೀಪು ಗಕ್ಕನೆ ನಿಂತಿತು. ಓಡಿಸುವವನೂ ದಾರಿ ತೋರಿಸುವವನೂ ಒಬ್ಬನೇ. ಅವನು ಪಿಸುಗುಟ್ಟಿದ: “ಶ್! ಚಿರತೆ! ಆ ಪೊದೆ ಪಕ್ಕ!”

“ಅಬ್ಬಾ, ಮೀಸೆ ಕೂಡ ಕಾಣ್ತಿದೆ!” ಎಂದರು ಹೆಡ್‌ಮಿಸ್.

“ಚುಕ್ಕೆ ಎಣಿಸ್ಬಹುದು,” ಎಂದ ಟೈಲರ್.

“ಭಾವ, ಬಾಲ ಅಲ್ಲಾಡಿಸ್ತಿದೆ ನೋಡಿ!”

ಕನ್ನಡಕದಂಗಡಿಯವನಿಗೆ ಏನೂ ಕಾಣಲಿಲ್ಲ. “ಎಲ್ಲಿ? ಎಲ್ರೀ?” ಎಂದು ಕತ್ತು ಚಾಚಿದ.

“ಅಷ್ಟು ದೊಡ್ಡ ಪ್ರಾಣಿ ಕಾಣಲ್ವಾ?” ಟೈಲರ್ ನಕ್ಕ. “ಎದುರಂಗಡಿಗೆ ಹೋಗಿ ಒಂದ್ಸಲ ಕಣ್ಣು ತೋರಿಸ್ಕೊಳ್ಳಿ.”

ಅಂಗಾಲಿನ ಉರಿ ನೆತ್ತಿಗೇರಿತು. ಕ್ಯಾಮೆರಾ ಎತ್ತಿ ಫಟಫಟನೆ ಹೊಡೆದ. ಫೋಟೊವನ್ನು ಹಿಗ್ಗಿಸಿ ನೋಡಿದ. ಮರುಕ್ಷಣ ಕ್ಯಾಮೆರಾವನ್ನು ಹೆಡ್‌ಮಿಸ್ ಮೂಗಿಗೆ ಹಿಡಿದು ಕಿರುಚಿದ: “ಬೊಡ್ಡೆ! ಒಣಗಿದ ಮರದ ಬೊಡ್ಡೆ! ಬೂಷ್ಟು ಹಿಡಿದಿದೆ, ಅದೇ ನಿಮ್ಮ ಚುಕ್ಕೆ!”

ಜೀಪಿನವನು ತಲೆ ಕೆರೆದುಕೊಂಡ. “ದಿನಾ ಎಲ್ಲರಿಗೂ ಇದನ್ನೇ ತೋರಿಸ್ತೀನಿ ಸಾರ್. ಪಾಪ, ಖುಷಿಯಾಗಿ ಹೋಗ್ತಾರೆ.”

“ನಾಚಿಕೆ ಆಗಲ್ವೇನಯ್ಯ? ಇನ್ನೊಂದ್ಸಲ ಚಿರತೆ ಅಂತ ಬಾಯಿ ಬಿಟ್ರೆ ನಿನ್ನ ಕೆಲಸ ತೆಗೆಸ್ತೀನಿ!”

ಗೆದ್ದ ಗತ್ತಿನಲ್ಲಿ ಅವನು ಹಿಂದೆ ತಿರುಗಿದ. ಹೆಡ್‌ಮಿಸ್ ಮುಖ ಗಂಟಾಗಿತ್ತು.

“ಅಂದ್ರೆ ಬೊಡ್ಡೇನ ಚಿರತೆ ಅಂತ ತೋರಿಸಿದ್ದು ನೀನು ಕೊಟ್ಟ ಕನ್ನಡಕ?”

“ಕನ್ನಡಕದ್ದೇನು ತಪ್ಪು ಮಿಸ್? ನೀವು ಸುಳ್ಳು...”

“ಮೂವತ್ತು ವರ್ಷ ಪಾಠ ಹೇಳಿದವಳು, ನಾನು ಸುಳ್ಳು ಹೇಳ್ತೀನಾ?”

ಸುಳ್ಳು ಒಪ್ಪಿಕೊಳ್ಳುವವರು ಯಾರು? ಕನ್ನಡಕಕ್ಕೆ ಬಾಯಿಲ್ಲ, ತಪ್ಪೆಲ್ಲ ಅದರ ತಲೆಗೇ ಬಂತು. ಹೆಡ್‌ಮಿಸ್ ತಮ್ಮದನ್ನು ತೆಗೆದು ಅವನ ಮಡಿಲಿಗೆ ಎಸೆದರು. “ಅದಕ್ಕೇ ನನ್ನ ಕಾಜಾಗಳೆಲ್ಲ ಸೊಟ್ಟ ಬರ್ತಿದ್ವು,” ಎಂದು ಟೈಲರ್ ತನ್ನದನ್ನೂ ಹಾಕಿದ. “ಬೇಜಾರ್ ಮಾಡ್ಕೋಬೇಡಿ ಭಾವ,” ಎಂದು ಬಾಮೈದನೂ ಕೊಟ್ಟ.

“ನಾಳೆಯಿಂದ ಎದುರಂಗಡಿ,” ಎಂದು ಮೂವರೂ ತೀರ್ಮಾನಿಸಿದರು. “ಈ ಫೋಟೊ ಊರಿಗೆಲ್ಲ ತೋರಿಸ್ತೀನಿ,” ಎಂದು ಹೆಡ್‌ಮಿಸ್ ಅವನ ಕೈಯಿಂದ ಕ್ಯಾಮೆರಾವನ್ನು ಕಿತ್ತು ಎದೆಗವಚಿಕೊಂಡರು.

ಆಗ ಜೀಪಿನ ಎದುರಿನ ಹುಲ್ಲೇ ಎದ್ದು ನಿಂತಂತಾಯಿತು. ನಿಜವಾದ ಚಿರತೆ! ಹತ್ತು ಮಾರು ದೂರದಲ್ಲಿ ದಾರಿಗೆ ಅಡ್ಡ ಬಂದು, ನಿಂತು, ಕತ್ತು ತಿರುಗಿಸಿ ಇವನನ್ನೇ ನೋಡಿತು.

“ಚಿರತೆ! ಚಿರತೆ! ಕ್ಯಾಮೆರಾ ಕೊಡಿ ಮಿಸ್!”

ಮೂವರೂ ಕಣ್ಣು ಕಿರಿದು ಮಾಡಿ ನೋಡಿದರು. ಎಲ್ಲವೂ ಹಳದಿ ಮಂಜು.

“ಹುಲ್ಲು ಕಣಪ್ಪ ಅದು,” ಎಂದರು ಹೆಡ್‌ಮಿಸ್, ಕ್ಯಾಮೆರಾ ಬಿಡದೆ.

“ನೀನಾದ್ರೂ ಹೇಳಯ್ಯ!” ಅವನು ಜೀಪಿನವನ ಭುಜ ಹಿಡಿದು ಅಲ್ಲಾಡಿಸಿದ. “ನಿನಗೆ ಕಾಣ್ತಿದೆ ತಾನೇ?”

ಜೀಪಿನವನು ಚಿರತೆಯನ್ನು ಕಣ್ತುಂಬ ನೋಡಿದ. ಅದು ಸಾವಕಾಶವಾಗಿ ಪೊದೆಯೊಳಗೆ ಹೋಗುವವರೆಗೂ ನೋಡಿ, ಜೀಪು ಚಾಲೂ ಮಾಡಿದ.

“ಬೊಡ್ಡೆ ಸಾರ್,” ಎಂದ.